ಕೆಳಗೆ ಬರೆದ ಒಂದು

ನಾಲ್ಕು ದಾರಿ ಕೂಡುವಲ್ಲಿ ಟ್ರಕ್ಕು ನಿಲ್ಲಿಸಿ ಫೆರ್ಮಿನ್ ಎರಡೂ ಕಡೆಯ ಗಾಜು ಇಳಿಸಿದ, ರೇಡಿಯೋ ಆರಿಸಿದ, ಉಸಿರು ಬಿಗಿಹಿಡಿದು ಕಿವಿಗೊಟ್ಟ. ಮಂಜು ಕವಿದ ಬೆಳಿಗ್ಗೆ ಈ ಕಣಿವೆಯಲ್ಲಿ ಕಣ್ಣಿಗೆ ಕೆಲಸವಿಲ್ಲ. ಅಡ್ಡರಸ್ತೆಯಲ್ಲಿ ಬರುವ ಹಾಲಿನ ಟ್ಯಾಂಕರನ್ನು ಕಿವಿಯಿಂದಲೇ ಹಿಡಿಯಬೇಕು. ಕಿತ್ತಳೆ ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು, ಎಲ್ಲೋ ದೂರದಲ್ಲಿ ಒಂದು ನಾಯಿ, ಅಷ್ಟೆ. ಆದರೂ ಅವನು ಆಕ್ಸಿಲರೇಟರ್ ಒತ್ತಲಿಲ್ಲ. ಬರುತ್ತಿರುವುದು ಏನೂ ಇಲ್ಲವೆಂದು ಕಿವಿ ಹೇಳುತ್ತಿತ್ತು. ತಲೆಯೊಳಗೆ ಮಾತ್ರ ಆಗಲೇ ಒಂದು ಡಿಕ್ಕಿ ಆಗಿಹೋಗಿತ್ತು. ಮಿಸೆಸ್ ಸಿಲ್ವೇರಾ 'ಅದು ಹಾಗಲ್ಲ' ಅನ್ನುತ್ತಾಳೆ, ಅವನು 'ಯಾಕಲ್ಲ?' ಅನ್ನುತ್ತಾನೆ, ಉತ್ತರ ಹೊಳೆಯದೆ ಆಕೆಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯುತ್ತದೆ. ಈ ಜಗಳವನ್ನು ಅವನು ಹಾಸಿಗೆಯಿಂದ ಏಳುವ ಮೊದಲೇ ಗೆದ್ದಿದ್ದ, ಹಲ್ಲುಜ್ಜುವಾಗ ಇನ್ನೊಮ್ಮೆ ಗೆದ್ದಿದ್ದ. ಈಗ ಮೂರನೆಯ ಸಲ ಗೆಲ್ಲುತ್ತಿರುವಾಗ ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

ಇವತ್ತು ಅವನ ಪಾಠ. ಎರಡನೇ ಕ್ಲಾಸಿನ ಮಕ್ಕಳಿಗೆ ಕಳೆಯುವ ಲೆಕ್ಕ. ಹಿಂದಿನ ಸಾಲಿನ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ಬಾಯಿ ಮುಚ್ಚಿಕೊಂಡು, ಇನ್ನೊಬ್ಬರು ಪಾಠ ಮಾಡುವುದನ್ನು ಚಳಿಗಾಲವಿಡೀ ನೋಡಿದ್ದಾಯಿತು. ಇವತ್ತು ಅವನು ಮಾಡುತ್ತಾನೆ, ಆ ಕ್ಲಾಸಿನ ಟೀಚರ್ ಮಿಸೆಸ್ ಸಿಲ್ವೇರಾ ನೋಡುತ್ತಾಳೆ. ಆಕೆ ಹೂಂ ಅಂದರೆ ಅವನು ಓದುತ್ತಿದ್ದ ಕಮ್ಯುನಿಟಿ ಕಾಲೇಜಿನಲ್ಲಿ ಮುಂದೆ ಟೀಚರಾಗುವವರಿಗೆ ಲೆಕ್ಕ ಕಲಿಸುವ ಮೌವಾ ಮೇಡಂ ಅವನ ಹೆಸರನ್ನು ಮುಂದಕ್ಕೆ ಕಳಿಸುತ್ತಾರೆ, ಬೇಸಿಗೆ ಕಳೆದ ಮೇಲೆ ಯೂನಿವರ್ಸಿಟಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿಗೆ ಸೇರಿಕೊಳ್ಳಬಹುದು. ಆಕೆ ಊಹೂಂ ಅಂದರೆ ಇನ್ನೊಂದು ವರ್ಷ ಕಿತ್ತಳೆ ತುಂಬಿಸುವ ಶೆಡ್ಡಿನಲ್ಲಿ ಡಬ್ಬ ಜೋಡಿಸುತ್ತ ಇನ್ನೊಂದು ಚಳಿಗಾಲಕ್ಕೆ ಕಾಯಬೇಕು. ಆದರೆ ಆಕೆ ಊಹೂಂ ಅನ್ನುವುದಕ್ಕೆ ಕಾರಣವೇನಿದೆ? ತಾನು ಈ ಕೆಲಸಕ್ಕೇ ಹುಟ್ಟಿದವನು ಎಂಬುದರಲ್ಲಿ ಫೆರ್ಮಿನನಿಗೆ ಅನುಮಾನವಿರಲಿಲ್ಲ. ಮಕ್ಕಳು ಅವನ ಕಡೆ ತಾವಾಗಿ ವಾಲುತ್ತಿದ್ದರು. ಹಲ್ಲು ಅಲ್ಲಾಡುವವರು ಮೊದಲು ಅವನಿಗೆ ತೋರಿಸಲು ಓಡಿಬರುತ್ತಿದ್ದರು. ಬೆಳಿಗ್ಗೆ ಟ್ರಕ್ಕಿನ ಕೀಲಿ ಕೊಡುವಾಗ ದೊಡ್ಡಪ್ಪನ ಮಗ ನೊಯೆ ಅಂಗಳದಲ್ಲೇ ಕೂಗಿದ್ದ: "ಮೇಷ್ಟ್ರು ಹೊರಟ್ರು, ಎದ್ದು ನಿಲ್ರೋ! ಏನಪ್ಪಾ, ಮೂಗು ಒರೆಸೋಕೆ ಬಟ್ಟೆ ಇಟ್ಕೊಂಡ್ಯಾ?" "ನಿನ್ ಮೂಗಿಗೆ ಸಾಲೋಷ್ಟು ಇಟ್ಕೊಂಡಿದೀನಿ ಕಣೋ, ಮಕ್ಳಿಗೆ ಮಿಗಲ್ಲ" ಅಂದಿದ್ದ ಇವನು. ಅಮ್ಮ ನಗಲಿಲ್ಲ. ರೊಟ್ಟಿಯಲ್ಲಿ ಮೊಟ್ಟೆ, ಬೀನ್ಸು ಸುತ್ತಿದ ಬುರಿಟೊ ಅವನ ಕೈಗೆ ತುರುಕಿ, ಅಂಗಿಯ ಕಾಲರು ಸರಿಮಾಡಿ, "ಅವ್ರ ಹತ್ರ ಎದುರು ಮಾತಾಡ್ಬೇಡ ಮಗಾ" ಎಂದಷ್ಟೇ ಹೇಳಿ ಶೆಡ್ಡಿಗೆ ಹೊರಟುಹೋದಳು. ಅಮ್ಮನಿಗೆ ಹೇಗೆ ಗೊತ್ತಾಯಿತು?

ಎದುರು ಮಾತಾಡಿಯೇ ಅವನು ಇಲ್ಲಿಯವರೆಗೆ ಬಂದದ್ದು. ಎದುರು ಮಾತಾಡಿಯೇ ಹೈಸ್ಕೂಲು ಅರ್ಧಕ್ಕೆ ಬಿಟ್ಟದ್ದು ಕೂಡ. ಮೌವಾ ಮೇಡಂ ಕ್ಲಾಸಿನಲ್ಲಿ ಮೀಸೆ ಬಂದವರು, ಮಕ್ಕಳನ್ನು ಹೆತ್ತವರು ಎಲ್ಲ ಮೇಜಿನ ಮೇಲೆ ಪ್ಲಾಸ್ಟಿಕ್ ಬಿಲ್ಲೆ ಹರಡಿಕೊಂಡು, ಒಂದೇ ಕೈಯಿರುವ ಲೋಕದವರಂತೆ ಐದೈದರಲ್ಲಿ ಎಣಿಸಬೇಕು. ಒಂದು, ಎರಡು, ಮೂರು, ನಾಲ್ಕು, ಆಮೇಲೆ ಒಂದು ಕೈ ತುಂಬಿತೆಂದು ಒಂದರ ಮುಂದೆ ಸೊನ್ನೆ ಬರೆದು ಹತ್ತು. ಪಕ್ಕದ ಹೆಂಗಸು ಅತ್ತೇಬಿಟ್ಟಿದ್ದಳು. "ಎಣಿಕೆ ಬರದೇ ಇರೋರಿಗೆ ಎಣಿಕೆ ಹೇಗೆ ಕಾಣುತ್ತೆ ಅನ್ನೋದು ನಿಮಗೆಲ್ಲ ಮರೆತುಹೋಗಿದೆ, ನೆನಪು ಮಾಡಿಸ್ತಿದೀನಿ" ಎನ್ನುತ್ತ ಮೇಡಂ ಸಾಲುಗಳ ನಡುವೆ ನಿಧಾನವಾಗಿ ನಡೆಯುತ್ತಿದ್ದರು. ಫೆರ್ಮಿನ್ ಎಲ್ಲರಿಗಿಂತ ಮೊದಲು ಮುಗಿಸಿ ಕೈಕಟ್ಟಿ ಕೂರುತ್ತಿದ್ದ. ಆದರೂ ಪರೀಕ್ಷೆಯ ಹಾಳೆ ಕೈಗೆ ಬಂದಾಗ ಪ್ರತಿ ಲೆಕ್ಕಕ್ಕೂ ಅರ್ಧವೇ ಅಂಕ. ಎಲ್ಲರ ಎದುರಿಗೇ ಎದ್ದು ನಿಂತು ಕೇಳಿದ್ದ.

"ಉತ್ತರ ಸರಿ ಇದೆಯಲ್ಲ ಮೇಡಂ?"

"ಇದೆ."

"ಮತ್ತೆ ಉಳಿದರ್ಧ ಎಲ್ಲಿಗೆ ಹೋಯ್ತು?"

"ಯಾಕೆ ಅಂತ ಬರೆದಿಲ್ಲ ನೀನು."

"ಯಾಕೆ ಅಂದ್ರೆ... ಅದು ಹಾಗೇ."

"ಏಳು ವರ್ಷದ ಮಗು ಮುಂದೆ ನಿಂತ್ಕೊಂಡು 'ಅದು ಹಾಗೇ' ಅಂತೀಯಾ? ನಿನಗೆ ಲೆಕ್ಕ ಬರುತ್ತೆ ಫೆರ್ಮಿನ್, ನಂಗೊತ್ತು. ನಿನಗೆ ಬರೋದ್ರಿಂದ ಆ ಮಗೂಗೆ ಏನಾಯ್ತು?"

ಯಾರೋ ಕಿಸಕ್ಕೆಂದರು. ಕಿವಿ ಬಿಸಿಯಾದದ್ದು ನೆನಪಿದೆ, ಕೂತದ್ದು ನೆನಪಿಲ್ಲ. ಅದೇ ದಿನ ಮೇಡಂ, ಕಳೆಯುವುದಕ್ಕೆ ಎರಡು ಮುಖ, ಇದ್ದದ್ದರಿಂದ ತೆಗೆಯುವುದು ಒಂದು, ಎರಡನ್ನು ಪಕ್ಕಪಕ್ಕ ಇಟ್ಟು ಯಾವುದು ಎಷ್ಟು ಹೆಚ್ಚೆಂದು ನೋಡುವುದು ಇನ್ನೊಂದು ಎಂದು ಬರೆಸಿದಾಗ, ಇಂಥದಕ್ಕೂ ಒಂದು ಕಾಲೇಜು ಬೇಕೇ ಎಂದು ಅವನು ಒಳಗೇ ಹಲ್ಲು ಕಡಿದಿದ್ದ.

ಶಾಲೆಯ ಧ್ವಜದ ಕಂಬ ಅರ್ಧದಿಂದ ಮೇಲೆ ಕಾಣುತ್ತಿರಲಿಲ್ಲ. ಆಫೀಸಿನ ಹೆಂಗಸು ಕಂಪ್ಯೂಟರಿನಿಂದ ತಲೆಯೆತ್ತದೆ, "ಹೀಟರ್ ರಿಪೇರಿನಾ? ಹಿಂದಿನ ಬಾಗಿಲಿಂದ ಬಾಪ್ಪ" ಅಂದಳು. ಮೊದಲ ವಾರವೂ ಹೀಗೇ ಅಂದಿದ್ದಳು. ಬೆರಳಚ್ಚು ಕೊಟ್ಟು, ಕ್ಷಯವಿಲ್ಲವೆಂದು ಪರೀಕ್ಷೆ ಮಾಡಿಸಿ, ಕಳ್ಳನಲ್ಲ, ರೋಗಿಯಲ್ಲ ಎಂದು ಸರ್ಕಾರದಿಂದಲೇ ಹೇಳಿಸಿಕೊಂಡು ಒಳಗೆ ಬಂದವನು ತಾನು. ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕಿಕೊಂಡವನು. ಇವಳ ಕಣ್ಣಿಗೆ ಇನ್ನೂ ಕೈಯಲ್ಲಿ ಸ್ಪ್ಯಾನರು ಕಾಣುತ್ತಿದೆ. "ಪಾಠ ಮಾಡೋಕೆ ಬಂದಿರೋದು" ಎಂದು ಒಂದೊಂದೇ ಅಕ್ಷರ ಕಡಿದು ಹೇಳಿದ. ಆಕೆ ತಲೆಯೆತ್ತಿ, "ಅಯ್ಯೋ, ನೀನಾ! ಆಲ್ ದಿ ಬೆಸ್ಟ್ ಕಣಪ್ಪ. ಆದ್ರೆ ಮಕ್ಕಳೇ ಇಲ್ವಲ್ಲ, ಇವತ್ತು ಮಂಜಿನ ಟೈಮ್ ಟೇಬಲ್ಲು. ಮಂಜು ಸರಿದ ಮೇಲೇ ಬಸ್ಸು" ಎಂದು ನಿಜವಾದ ಮರುಕದಿಂದಲೇ ಹೇಳಿದಳು. ಆ ಮರುಕಕ್ಕೆ ಅವನ ಸಿಟ್ಟು ಇನ್ನಷ್ಟು ಹೆಚ್ಚಿತು. ಬೈಯುವುದಕ್ಕೂ ಆಗದಂತೆ ಮಾಡಿಬಿಡುತ್ತಾರೆ ಈ ಜನ.

ಕೋಣೆಯಲ್ಲಿ ಬೆರಳೆಣಿಕೆಯಷ್ಟು ಮಕ್ಕಳು. ಶಾಲೆಯ ಹಿಂದಿನ ಬೀದಿಗಳಿಂದ, ತೋಟದ ಕೆಲಸಗಾರರ ಸಾಲುಮನೆಗಳಿಂದ ನಡೆದು ಬರುವವರು ಮಾತ್ರ. ಕೂದಲ ಮೇಲೆ ಮಂಜಿನ ಹನಿ, ಮುಂದೆ ಶಾಲೆಯ ಹಾಲು, ಕಾರ್ನ್‌ಫ್ಲೇಕ್ಸು. ಮಿಸೆಸ್ ಸಿಲ್ವೇರಾ ಕಿಟಕಿಯ ಬಳಿ ಕಾಫಿ ಹಿಡಿದು ನಿಂತಿದ್ದಳು. ದಪ್ಪ ಮಣಿಕಟ್ಟಿನ, ಅಗಲ ಭುಜದ ಹೆಂಗಸು. ಈ ಊರಿನ ಹಾಲಿನ ಡೈರಿಗಳೆಲ್ಲ ಇವರವೇ, ಯಾವುದೋ ದ್ವೀಪದಿಂದ ಬಂದ ಪೋರ್ಚುಗೀಸರವು. ಈಕೆಯ ಅಣ್ಣತಮ್ಮಂದಿರ ಹಟ್ಟಿಗಳಲ್ಲಿ ಗಡಿಯಾಚೆಯ ಬೆಟ್ಟಗಳಿಂದ ಕೂಲಿಗೆ ಬಂದ ಫೆರ್ಮಿನನ ಕಡೆಯವರು ಸಗಣಿ ಬಾಚುತ್ತಾರೆ. ಇದನ್ನು ಅವನು ಒಂದು ದಿನವೂ ಮರೆತಿರಲಿಲ್ಲ.

"ಶುರು ಮಾಡು" ಅಂದಳು.

"ಮಿಸೆಸ್ ಸಿಲ್ವೇರಾ, ನಾನು ಪೂರ್ತಿ ಕ್ಲಾಸಿಗೆ ಅಂತ ತಯಾರಿ ಮಾಡ್ಕೊಂಡು ಬಂದಿದೀನಿ. ಗುಂಪು ಮಾಡಿದೀನಿ, ಗುಂಪಿಗಿಷ್ಟು ಕಡ್ಡಿ ಅಂತ..."

"ಬಂದೋರು ಬಂದಿದಾರಲ್ಲ. ಇವರೇನು ಲೆಕ್ಕಕ್ಕಿಲ್ವಾ?"

ಹಿಂದೆ ಹೋಗಿ ಅವನ ಪುಟ್ಟ ಕುರ್ಚಿಯಲ್ಲೇ ಕೂತಳು. ಕುರ್ಚಿ ಕಿರುಗುಟ್ಟಿತು.

ಐಸ್‌ಕ್ಯಾಂಡಿ ಕಡ್ಡಿಗಳನ್ನು ಹತ್ತು ಹತ್ತಾಗಿ ರಬ್ಬರ್ ಬ್ಯಾಂಡು ಹಾಕಿ ಕಟ್ಟು ಮಾಡಿ ತಂದಿದ್ದ. ನೆಲದ ಚಾಪೆಯ ಮೇಲೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟ. ಐವತ್ತೆರಡು. ಇದರಲ್ಲಿ ಇಪ್ಪತ್ತೇಳು ತೆಗೀಬೇಕು, ಏಳು ಬಿಡಿ ಕಡ್ಡಿ ಕೊಡಿ ಅಂದರೆ ಇರುವುದು ಎರಡೇ, ಏನು ಮಾಡೋಣ? "ಒಂದು ಕಟ್ಟು ಬಿಚ್ಚೋಣ ಮಿಸ್ಟರ್ ಫೆರ್ಮಿನ್!" ಎಂದು ಕಿರುಚಿದವನು ದಾಮಿಯಾನ್, ಮುಂದಿನ ಹಲ್ಲಿಲ್ಲದ, ಒಂದು ನಿಮಿಷ ಕೂತಲ್ಲಿ ಕೂರದ ಹುಡುಗ. ಬಿಚ್ಚಿದ. ರಬ್ಬರ್ ಬ್ಯಾಂಡು ಹಾರಿಹೋಗಿ ಒಬ್ಬಳ ಹಾಲಿನೊಳಗೆ ಬಿತ್ತು, ಎಲ್ಲರೂ ನಕ್ಕರು, ಅವನೂ ನಕ್ಕ, ಮತ್ತೆ ನಗುವನ್ನು ಲೆಕ್ಕಕ್ಕೆ ತಿರುಗಿಸಿದ. ಎಷ್ಟು ಸಲೀಸು! ಧ್ವನಿ ಎಷ್ಟು ಏರಿಸಬೇಕೋ ಅಷ್ಟೇ ಏರುತ್ತಿತ್ತು. ಕೈ ಚಾಚಿದ ಕಡೆ ಮಕ್ಕಳ ಕಣ್ಣು ಚಲಿಸುತ್ತಿತ್ತು. ಹಿಂದಿನ ಕುರ್ಚಿಯಲ್ಲಿ ಆಕೆಯ ಕಾಫಿ ತಣ್ಣಗಾಗುತ್ತಿರುವುದು ತಿರುಗಿ ನೋಡದೆಯೂ ಅವನಿಗೆ ತಿಳಿಯುತ್ತಿತ್ತು. ಈಗ ಇದನ್ನೇ ಬೋರ್ಡಿನ ಮೇಲೆ ಯಾರು ಬರೆದು ತೋರಿಸ್ತೀರಿ ಎಂದಾಗ ಸಿತ್ಲಾಲಿ ಎದ್ದಳು. ಅವಳು ತಾನಾಗಿ ಎದ್ದದ್ದೇ ಸೋಜಿಗ. ಬಿಗಿಯಾಗಿ ಎರಡು ಜಡೆ ಹಾಕಿಕೊಂಡು, ಕರೆದರೆ ಮಾತ್ರ ಬರುವ, ಬಂದರೂ ನೆಲ ನೋಡುವ ಹುಡುಗಿ.

ಸಿತ್ಲಾಲಿ ಐವತ್ತೆರಡು ಬರೆದಳು, ಅದರ ಕೆಳಗೆ ಇಪ್ಪತ್ತೇಳು. ಮೇಲಿನ ಎರಡರ ಪಕ್ಕ ಒಂದು ಚಿಕ್ಕ ಒಂದು ಹಾಕಿ ಅದನ್ನು ಹನ್ನೆರಡು ಮಾಡಿದಳು. ಈಗ ಮೇಲಿನ ಐದನ್ನು ಹೊಡೆದುಹಾಕಿ ನಾಲ್ಕು ಮಾಡಬೇಕು. ಶಾಲೆಯಲ್ಲಿ ಕಲಿಸುವುದೇ ಹಾಗೆ, ಈಗತಾನೆ ಕಟ್ಟು ಬಿಚ್ಚಿ ತೋರಿಸಿದ್ದೂ ಅದನ್ನೇ. ಸಿತ್ಲಾಲಿ ಐದನ್ನು ಮುಟ್ಟಲಿಲ್ಲ. ಕೆಳಗೆ, ಇಪ್ಪತ್ತೇಳರ ಎರಡರ ಮಗ್ಗುಲಿಗೆ, ಇನ್ನೊಂದು ಚಿಕ್ಕ ಒಂದು ಬರೆದಳು. ಹನ್ನೆರಡರಲ್ಲಿ ಏಳು ಹೋದರೆ ಐದು. ಎರಡಕ್ಕೆ ಒಂದು ಸೇರಿ ಮೂರು, ಐದರಲ್ಲಿ ಮೂರು ಹೋದರೆ ಎರಡು. ಇಪ್ಪತ್ತೈದು. ಪೆನ್ನಿನ ಮುಚ್ಚಳ ಹಾಕಿ ನೆಲ ನೋಡುತ್ತ ನಿಂತಳು.

ಆ ಕೆಳಗಿನ ಒಂದನ್ನು ಕಂಡದ್ದೇ ಫೆರ್ಮಿನನಿಗೆ ಹಳೆಯದೊಂದು ದಿನ ಕಣ್ಣಮುಂದೆ ಬಂತು. ಇದೇ ಶಾಲೆಯ ಇದೇ ಸಾಲಿನ ಕೊನೆಯ ಕೋಣೆ, ಮೂರನೇ ಕ್ಲಾಸು, ಬೋರ್ಡಿನ ಮುಂದೆ ಅವನು. ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಹಳೇ ಲಕೋಟೆಯ ಹಿಂಬದಿಯಲ್ಲಿ ಹೇಳಿಕೊಟ್ಟಂತೆ, ಬೆಟ್ಟದ ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಅಮ್ಮ ಕಲಿತಂತೆ, ಕೆಳಗೆ ಒಂದು ಬರೆದಿದ್ದ. 'ಈ ಒಂದು ಎಲ್ಲಿಂದ ಬಂತು?' ಎಂದು ಆ ಟೀಚರ್ ಕೇಳಿದಳು. 'ಅಮ್ಮನಿಂದ' ಎಂದ. ಇಡೀ ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು. ಟೀಚರ್ ಹೆಬ್ಬೆರಳಿನಿಂದ ಆ ಒಂದನ್ನು ಒರೆಸಿದಳು, ಒಂದು ಹುಳುವನ್ನು ಒರೆಸುವ ಹಾಗೆ. ಉತ್ತರ ಸರಿಯಾಗಿತ್ತು, ಅದನ್ನೂ ಒರೆಸಿದಳು. ಮನೆಗೆ ಹೋಗಿ ಅಮ್ಮನಿಗೆ 'ನಿನಗೇನೂ ಬರಲ್ಲ' ಎಂದದ್ದು, ಅಮ್ಮ ತೊಳೆಯುತ್ತಿದ್ದ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ನಿಂತದ್ದು. ಈಗ ಹಿಂದಿನ ಕುರ್ಚಿಯಲ್ಲಿ ಮಿಸೆಸ್ ಸಿಲ್ವೇರಾ ಹುಬ್ಬೇರಿಸಿದ್ದನ್ನು ಅವನು ನೋಡಿದ. ಸಾಕು ಅಷ್ಟು.

"ಸರಿ!" ಎಂದ, ಬೇಕಾದ್ದಕ್ಕಿಂತ ಜೋರಾಗಿ. "ನೂರಕ್ಕೆ ನೂರು ಸರಿ. ಎಲ್ಲರೂ ನೋಡ್ರಿ ಇಲ್ಲಿ. ಇದು ನಮ್ಮ ಮನೆಗಳ ಲೆಕ್ಕ. ನಮ್ಮ ಅಮ್ಮಂದಿರು, ಅಜ್ಜಿಯರು ಮಾಡ್ಕೊಂಡು ಬಂದಿರೋ ಲೆಕ್ಕ. ಇದನ್ನ ತಪ್ಪು ಅಂತ ಯಾರೂ ಹೇಳೋ ಹಾಗಿಲ್ಲ. ಪುಸ್ತಕದಲ್ಲಿ ಇಲ್ದೆ ಇರಬಹುದು, ದೊಡ್ಡ ದೊಡ್ಡ ಟೀಚರುಗಳಿಗೆ ಗೊತ್ತಿಲ್ದೆ ಇರಬಹುದು. ಗೊತ್ತಿಲ್ಲ ಅಂದ್ರೆ ಅದು ಅವರ ಕೊರತೆ, ನಮ್ಮದಲ್ಲ. ಈ ಹುಡುಗಿ ಬರೆದ ಈ ಒಂದನ್ನ ಯಾರಾದ್ರೂ ಒರೆಸೋಕೆ ಬರಲಿ, ನೋಡೋಣ!"

ಇದು ಹಲ್ಲುಜ್ಜುವಾಗಿನ ಭಾಷಣ. ಅಲ್ಲಿಗಿಂತ ಇಲ್ಲಿ ಚೆನ್ನಾಗಿ ಬಂತು. ಹೇಳುವಾಗ ಅವನ ಕಣ್ಣು ಮಕ್ಕಳ ತಲೆಗಳ ಮೇಲಿಂದ ಹಾದು ಹಿಂದಿನ ಕುರ್ಚಿಗೆ ನೆಟ್ಟಿತ್ತು. ಮಿಸೆಸ್ ಸಿಲ್ವೇರಾ ಕಪ್ಪನ್ನು ಕೆಳಗಿಟ್ಟಳು. ಅದನ್ನೂ ಗೆಲುವೆಂದೇ ಎಣಿಸಿ ಫೆರ್ಮಿನ್ ಹುಡುಗಿಯ ಕಡೆ ಬಾಗಿದ. "ಹೇಳು ಸಿತ್ಲಾಲಿ, ಎಲ್ಲರಿಗೂ ಕೇಳಿಸೋ ಹಾಗೆ ಹೇಳು. ಇದನ್ನ ಯಾರು ಕಲಿಸಿದ್ದು ನಿನಗೆ? ಅಮ್ಮ ಅಲ್ವಾ?"

ಸಿತ್ಲಾಲಿ ಅಲ್ಲವೆಂದು ತಲೆ ಅಲ್ಲಾಡಿಸಿದಳು. ಬೆರಳು ಎತ್ತಿ ಹಿಂದಕ್ಕೆ ತೋರಿಸಿದಳು.

"ಮಿಸ್."

"ಯಾವ ಮಿಸ್?"

"ಇವರೇ. ನಂಗೆ ಹೊಡೆದುಹಾಕೋದು ಬರ್ತಿರ್ಲಿಲ್ಲ, ಗಲೀಜಾಗ್ತಿತ್ತು. ಅದಕ್ಕೆ ಮಿಸ್ಸು, 'ನಮ್ಮಪ್ಪ ಹಸು ಲೆಕ್ಕ ಹೀಗೆ ಮಾಡ್ತಿದ್ರು, ನೀನೂ ಹೀಗೇ ಮಾಡು' ಅಂದ್ರು."

ಯಾವುದೋ ಒಂದು ಮಗು ಸ್ಟ್ರಾದಲ್ಲಿ ಹಾಲನ್ನು ಸೊರ್ರೆಂದು ಹೀರಿತು. ಪೋರ್ಚುಗೀಸರ ಹಟ್ಟಿಯಲ್ಲೂ ಇದೇ ಒಂದು! ಅವನಿಗೆ ನಾಚಿಕೆಯಾಯಿತು. ಆದರೆ ಅದು ಹಿಂದಿನ ಕುರ್ಚಿಯ ಹೆಂಗಸಿನ ಎದುರಿನ ನಾಚಿಕೆಯಲ್ಲ ಎಂದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಸಿತ್ಲಾಲಿಯ ಕಿವಿಗಳು ಕೆಂಪಗೆ, ತುದಿಯವರೆಗೂ ಕೆಂಪಗೆ ಆಗಿದ್ದವು. ಎರಡು ಜಡೆಗಳ ನಡುವೆ ಅವು ತೀರಾ ಬಯಲಾಗಿದ್ದವು. ಈ ಕಿವಿ ಅವನಿಗೆ ಗೊತ್ತಿತ್ತು. ಲೆಕ್ಕ ಬರೆದು ಮುಚ್ಚಳ ಹಾಕಿ ಹೋಗಿ ಕೂರಬೇಕೆಂದಿದ್ದ ಮಗುವನ್ನು ಹಿಡಿದು ನಿಲ್ಲಿಸಿ, ಎಲ್ಲರ ಕಣ್ಣನ್ನೂ ಅವಳ ಮೇಲೆ ತಿರುಗಿಸಿ, ಎಲ್ಲಿಂದ ಬಂತು ಹೇಳು ಎಂದು ಕೇಳಿದ್ದು ಈಗ ಯಾರು? ಅವತ್ತಿನ ಆ ಟೀಚರ್ ಅಲ್ಲ. ಹೊಗಳುವ ಧ್ವನಿಯಲ್ಲಿ ಕೇಳಿದ್ದು ಎಂಬುದು ಆ ಕಿವಿಗೇನು ಗೊತ್ತು?

"ಆದ್ರೆ ಮಿಸ್ಟರ್ ಫೆರ್ಮಿನ್," ದಾಮಿಯಾನ್ ಮಂಡಿಯ ಮೇಲೆ ಎದ್ದು ನಿಂತ. "ನೀವು ಕಟ್ಟು ಬಿಚ್ಚಿದ್ರಿ. ಇವಳು ಬಿಚ್ಚಲೇ ಇಲ್ಲ. ಮತ್ತೆ ಆ ಕೆಳಗಿನ ಒಂದು ಎಲ್ಲಿಂದ ಬಂತು?"

ಅದೇ ಪ್ರಶ್ನೆ. ಆದರೆ ಇದರ ಹಿಂದೆ ನಗುವಿರಲಿಲ್ಲ. ಹಲ್ಲಿಲ್ಲದ ಬಾಯಿ ಅರ್ಧ ತೆರೆದುಕೊಂಡು ಹುಡುಗ ಕಾಯುತ್ತಿದ್ದ. ಅವನಿಗೆ ನಿಜವಾಗಿ ತಿಳಿಯಬೇಕಿತ್ತು. ಫೆರ್ಮಿನ್ ಕಡ್ಡಿಗಳನ್ನು ನೋಡಿದ. ನಾಲ್ಕು ಕಟ್ಟು, ಹನ್ನೆರಡು ಬಿಡಿ. ಇದರಲ್ಲಿ ಆ ಒಂದು ಎಲ್ಲಿದೆ? ಎಲ್ಲೂ ಇಲ್ಲ. ಇಷ್ಟು ವರ್ಷ ಈ ಒಂದನ್ನು ಎದೆಯೊಳಗೆ ಕೆಂಡದಂತೆ ಕಾಪಾಡಿಕೊಂಡು, ಅದರ ಕಾವಿನಲ್ಲಿ ಸ್ಕೂಲು ಬಿಟ್ಟು, ಅದರ ಕಾವಿನಲ್ಲೇ ಮತ್ತೆ ಪುಸ್ತಕ ಹಿಡಿದವನಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿಲ್ಲ! ಅಮ್ಮನಿಗೂ ಗೊತ್ತಿರಲಿಲ್ಲ. 'ಹಾಗೇ ಮಾಡೋದು ಮಗಾ' ಅನ್ನುತ್ತಿದ್ದಳು. ಇವನೂ ಮೌವಾ ಮೇಡಂ ಎದುರು ನಿಂತು ಬೇರೆ ಏನು ಹೇಳಿದ್ದ? ಈಗ ದಾಟಿಸಿಬಿಡಬಹುದು: 'ಅದು ಆಮೇಲೆ ಹೇಳ್ತೀನಿ, ಕೂತ್ಕೊ.' ಎಷ್ಟು ಜನ ಟೀಚರುಗಳು ಅವನನ್ನು ಹಾಗೆ ಕೂರಿಸಿದ್ದರು, ಮತ್ತು ಆ ಆಮೇಲೆ ಎಂಬುದು ಬಂದದ್ದಿದೆಯೇ? ಹೀಗೆ ಕೈಸೋತು ನಿಂತಿರುವಾಗಲೂ, ವಿಚಿತ್ರವೆಂದರೆ, ಹೆದರಿಕೆಯಾಗಲಿಲ್ಲ. ಪೆಟ್ಟು ತಿಂದ ಮೇಲಿನ ಒಂದು ಹಗುರ ಮೈಗೆ ಬಂದಿತ್ತು.

"ನಂಗೊತ್ತಿಲ್ಲ" ಎಂದ.

"ಗೊತ್ತಿಲ್ವಾ?" ದಾಮಿಯಾನನ ಮುಖ ಅರಳಿತು. "ನಿಮಗೇ ಗೊತ್ತಿಲ್ವಾ?"

"ಇಲ್ಲ ಕಣೋ. ಹುಡುಕೋಣ ಬಾ. ನೀನು ಈ ಕಡೆ ಕೂತ್ಕೊ. ಸಿತ್ಲಾಲಿ, ನೀನು ಬೇಕಾದ್ರೆ ಆ ಕಡೆ ಕೂತ್ಕೋ. ಬೇಡ ಅಂದ್ರೆ ಬೇಡ."

ಸಿತ್ಲಾಲಿ ಪೆನ್ನು ಕೆಳಗಿಟ್ಟು ಬಂದು ಕೂತಳು. ಯಾವುದು ಎಷ್ಟು ಹೆಚ್ಚೆಂದು ನೋಡುವುದು ಇನ್ನೊಂದು ಮುಖ. ಮೌವಾ ಮೇಡಂ ಕ್ಲಾಸಿನಲ್ಲಿ ಹಲ್ಲು ಕಡಿಯುತ್ತ ಬರೆದುಕೊಂಡ ಮಾತು ಎಲ್ಲಿತ್ತೋ, ಈಗ ಕೈಗೆ ಬಂತು. ಅವಳ ಮುಂದೆ ಐವತ್ತೆರಡು ಇಟ್ಟ: ಐದು ಕಟ್ಟು, ಎರಡು ಬಿಡಿ. ದಾಮಿಯಾನನ ಮುಂದೆ ಇಪ್ಪತ್ತೇಳು: ಎರಡು ಕಟ್ಟು, ಏಳು ಬಿಡಿ. ಯಾರ ಹತ್ತಿರ ಎಷ್ಟು ಜಾಸ್ತಿ? ಕಟ್ಟಿಗೆ ಕಟ್ಟು ಎದುರಿಗಿಟ್ಟರೆ ಸುಲಭ. ಬಿಡಿಯಲ್ಲಿ ಮಾತ್ರ ಅವಳದು ಕಡಿಮೆ, ಅವನದು ಹೆಚ್ಚು. ಅವಳು ಬೋರ್ಡಿನ ಮೇಲೆ ಏನು ಮಾಡಿದಳು? ಎರಡನ್ನು ಹನ್ನೆರಡು ಮಾಡಿದಳು. ಹಾಗಾದರೆ, ಮುಂದೇನೆಂದು ತಿಳಿಯದೆಯೇ, ಚೀಲದಿಂದ ಹತ್ತು ಬಿಡಿ ಕಡ್ಡಿ ಎಣಿಸಿ ಸಿತ್ಲಾಲಿಯ ಮುಂದೆ ಸುರಿದ.

"ಏಯ್!" ದಾಮಿಯಾನ್ ಎದ್ದೇ ನಿಂತ. "ಮೋಸ ಇದು! ಅವಳಿಗೆ ಮಾತ್ರ ಯಾಕೆ?"

"ಹೌದು ಮಿಸ್ಟರ್, ಅವನಿಗೂ ಕೊಡ್ಬೇಕು" ಎಂದಿತು ಹಾಲಿನ ಮೀಸೆಯ ಒಂದು ಮಗು. "ಇಲ್ಲಾಂದ್ರೆ ಲೆಕ್ಕ ತಪ್ಪಾಗಲ್ವಾ? ಇವಳದ್ದು ಸುಮ್‌ಸುಮ್ನೆ ಜಾಸ್ತಿ ಆಗ್ಬಿಡತ್ತೆ."

"ನಂಗೂ ಹತ್ತು ಬೇಕು! ಹತ್ತೇ ಬೇಕು!"

ಫೆರ್ಮಿನನ ಕೈ ಚೀಲದೊಳಗೇ ನಿಂತಿತು. ಬೆರಳಿಗೆ ಒಂದು ಕಟ್ಟು ತಗುಲಿತು. ಹೊರಗೆ ತೆಗೆದು ದಾಮಿಯಾನನ ಎರಡು ಕಟ್ಟುಗಳ ಪಕ್ಕಕ್ಕೆ ಇಟ್ಟ. ಮೂರು ಕಟ್ಟು.

"ಅವಳಿಗೆ ಬಿಡಿ, ನಂಗೆ ಕಟ್ಟಾ?" ಹುಡುಗ ಅನುಮಾನದಿಂದ ರಬ್ಬರ್ ಬ್ಯಾಂಡಿನೊಳಗೆ ಬೆರಳಿಟ್ಟು ಎಣಿಸಿದ. "ಹೂಂ. ಹತ್ತೇ ಇದೆ. ಸರಿ, ಈಗ ಜಗಳ ಇಲ್ಲ."

ಸಿತ್ಲಾಲಿ ಬೋರ್ಡನ್ನು ನೋಡಿದಳು, ಕಡ್ಡಿಗಳನ್ನು ನೋಡಿದಳು, ಮತ್ತೆ ಬೋರ್ಡನ್ನು ನೋಡಿದಳು. "ಅದೇ ಇದು" ಎಂದಳು ಮೆಲ್ಲಗೆ. "ಕೆಳಗಿನ ಒಂದು ಇದೇ. ಅವನಿಗೆ ಕೊಟ್ಟಿದ್ದು. ನಂಗೆ ಕೊಟ್ರಲ್ಲ, ಅದಕ್ಕೆ ಅವನಿಗೂ." ಆಮೇಲೆ ಯಾರೂ ಅವನ ಮಾತಿಗೆ ಕಾಯಲಿಲ್ಲ. ಹನ್ನೆರಡಕ್ಕೆ ಏಳು ಎದುರಿಟ್ಟರು, ಐದು ಉಳಿಯಿತು. ಐದು ಕಟ್ಟಿಗೆ ಮೂರು ಕಟ್ಟು ಎದುರಿಟ್ಟರು, ಎರಡು ಉಳಿಯಿತು. ಇಪ್ಪತ್ತೈದು ಎಂದು ಕೂಗಿದರು. ಇನ್ನೂ ಹತ್ತು ಹತ್ತು ಕೊಟ್ಟರೆ ಏನಾಗುತ್ತದೆ, ನೂರು ನೂರು ಕೊಟ್ಟರೆ ಏನಾಗುತ್ತದೆ ಎಂದು ಚೀಲಕ್ಕೇ ಕೈ ಹಾಕಿದರು. ಫೆರ್ಮಿನ್ ನಕ್ಕ, ಚಾಪೆಯ ಮೇಲೆ ಹಿಂದಕ್ಕೆ ಕೈ ಊರಿ, ಯಾರು ನೋಡುತ್ತಾರೆಂಬ ಪರಿವೆಯಿಲ್ಲದೆ ನಕ್ಕ. ಗೆದ್ದ ನಗುವಲ್ಲ ಅದು. ಇಷ್ಟು ಚಿಕ್ಕದಾಗಿತ್ತೇ, ಒಂದು ಕಟ್ಟು ಐಸ್‌ಕ್ಯಾಂಡಿ ಕಡ್ಡಿಯಷ್ಟು?

ಮಕ್ಕಳು ಕಡ್ಡಿಯಲ್ಲಿ ಮುಳುಗಿರುವಾಗ ಅವನು ಸಿತ್ಲಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. "ನಿನ್ನ ಕೇಳ್ದೇನೇ ನಿನ್ನ ವಿಷಯ ಎಲ್ಲರ ಮುಂದೆ ಆಡ್ಬಿಟ್ಟೆ. ತಪ್ಪಾಯ್ತು."

ಅವಳು ಕಡ್ಡಿ ಎಣಿಸುವುದನ್ನು ನಿಲ್ಲಿಸಲಿಲ್ಲ. "ಎಂಟು, ಒಂಬತ್ತು... ನನ್ನ ಕಟ್ಟು ನಾನೇ ಕಟ್ಲಾ? ಕೆಂಪು ರಬ್ಬರ್ ಕೊಡಿ."

ಕೆಂಪು ರಬ್ಬರ್ ಹುಡುಕಿ ಕೊಟ್ಟ. ಕ್ಷಮೆ ಸಿಕ್ಕಿತೋ, ಕೇಳಿಸಲೇ ಇಲ್ಲವೋ ತಿಳಿಯಲಿಲ್ಲ; ಕೇಳಿದವನಿಗೆ ಅದನ್ನು ತಿಳಿಯುವ ಹಕ್ಕೂ ಇಲ್ಲ ಎನ್ನಿಸಿತು. ಏಳುವಾಗ ಎದುರಿಗೆ ಮಿಸೆಸ್ ಸಿಲ್ವೇರಾ ನಿಂತಿದ್ದಳು, ಕೈಯಲ್ಲಿ ತಣ್ಣಗಾದ ಕಪ್ಪು. ಮಕ್ಕಳಿಗೆ ಕೇಳಿಸದಂತೆ ಕಿಟಕಿಯ ಕಡೆ ಕರೆದುಕೊಂಡು ಹೋದಳು.

"ಆ ಮಧ್ಯದಲ್ಲಿ ಮಾಡಿದ್ಯಲ್ಲ, ಅದು ಪಾಠ ಅಲ್ಲ. ವಕೀಲಿಕೆ."

"ಹೌದು."

"ಯಾರ ಮೇಲೆ ಕೇಸು ಅಂತ ನಂಗೊತ್ತಿಲ್ಲ. ನನ್ನ ಮೇಲಂತೂ ಅಲ್ಲ ಅಂದ್ಕೋತೀನಿ. ಯಾರ ಮೇಲಾದ್ರೂ ಇರಲಿ, ಈ ಕೋಣೆಗೆ ಅದನ್ನ ತರಬೇಡ. ಇಲ್ಲಿ ಸಾಕ್ಷಿ ಹೇಳೋಕೆ ಸಿಗೋರು ಏಳು ವರ್ಷದೋರು."

"ಗೊತ್ತಾಯ್ತು" ಎಂದ. ಎದುರು ಮಾತು ನಾಲಿಗೆಯ ತುದಿಯಲ್ಲಿ ಒಂದೂ ಇರಲಿಲ್ಲ. ಇಲ್ಲವೆಂದು ಅವನಿಗೇ ಆಶ್ಚರ್ಯವಾಯಿತು. ಆಕೆ ಬೋರ್ಡಿನ ಕಡೆ ನೋಡುತ್ತ ನಿಂತಳು, ಹುಬ್ಬು ಮತ್ತೆ ಮೇಲಕ್ಕೇರಿತ್ತು. ಅದು ಆಕೆ ಯೋಚಿಸುವಾಗಿನ ಮುಖ ಮಾತ್ರ ಎಂದು ಅವನಿಗೆ ಈಗ ಹೊಳೆಯಿತು.

"ನಮ್ಮಪ್ಪನ ಒಂದು ಅದು. ಹಟ್ಟಿ ಗೋಡೆ ಮೇಲೆ ಸುಣ್ಣದಲ್ಲಿ ಬರೀತಿದ್ದ. ನಾನೂ ಬರೀತಾನೇ ಬಂದೆ, ಯಾಕೆ ಅಂತ ಯಾರಿಗೂ ಹೇಳೋಕೆ ಹೋಗಿರ್ಲಿಲ್ಲ. ಯಾರೂ ಕೇಳಿರ್ಲೂ ಇಲ್ಲ ಬಿಡು." ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಸರಿ. ನಿಮ್ಮ ಮೌವಾ ಮೇಡಂಗೆ ನಾನು ಏನು ಹೇಳಲಿ?"

"ಇದ್ದದ್ದು ಹೇಳಿ."

"ಇದ್ದದ್ದೇ ಹೇಳ್ತೀನಿ. ಹೂಂ ಅಂತ ಹೇಳ್ತೀನಿ. ಜಗಳಗಂಟ ಅಂತಾನೂ ಹೇಳ್ತೀನಿ."

ಥ್ಯಾಂಕ್ಸ್ ಅನ್ನಬೇಕು, ಅಂದರೆ ಬೇಡಿಕೊಂಡ ಹಾಗಾಗುತ್ತದೇನೋ ಎಂಬ ಹಳೆಯ ಬಿಗುಮಾನ ಒಂದು ಕ್ಷಣ ಅಡ್ಡ ನಿಂತಿತು, ಆಮೇಲೆ ಸರಿಯಿತು. ಅಷ್ಟರಲ್ಲಿ ಹೊರಗೆ ಬ್ರೇಕು ಉಸಿರು ಬಿಟ್ಟ ಸದ್ದು, ಅದರ ಹಿಂದೆ ಇನ್ನೊಂದು. ಮಂಜು ತೆಳುವಾಗಿ ಬೇಲಿಯಾಚೆ ಹಳದಿ ಬಸ್ಸುಗಳ ಬೆನ್ನು ಮೂಡಿತ್ತು. ಮರುಗಳಿಗೆಯಲ್ಲಿ ಕಾರಿಡಾರಿನ ತುಂಬ ಬೂಟಿನ ಸದ್ದು, ಬಾಗಿಲು ಧಡಾರನೆ ತೆರೆದು ಉಳಿದ ಮಕ್ಕಳೆಲ್ಲ ನುಗ್ಗಿದರು. ತಣ್ಣನೆ ಕೆನ್ನೆ, ಜೋಲುವ ಚೀಲ, ಏಕಕಾಲಕ್ಕೆ ಹೇಳಬೇಕಾದ ನೂರು ಸುದ್ದಿ. ಬಸ್ಸಿನ ಮುಂದೆ ಯಾರದೋ ಹಸು ನಿಂತಿತ್ತಂತೆ, ಡ್ರೈವರು ಇಳಿದು ಅದಕ್ಕೆ ಬೈದರಂತೆ. ಮಿಸೆಸ್ ಸಿಲ್ವೇರಾ ಹಸುವಿನ ಸುದ್ದಿಗೆ ಮಾತ್ರ ಕಿವಿಗೊಟ್ಟು, ಯಾರ ಹಟ್ಟಿಯದು, ಯಾವ ಬಣ್ಣ ಎಂದು ವಿಚಾರಿಸಿ, ಹೋಗಿ ಮತ್ತೆ ಅದೇ ಪುಟ್ಟ ಕುರ್ಚಿಯಲ್ಲಿ ಕೂತಳು, ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ಮುರಿದಳು. ಮುಂದಿನ ದೊಡ್ಡ ಕುರ್ಚಿ ಖಾಲಿಯಿತ್ತು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ ಒಬ್ಬ ಹುಡುಗ ಚೀಲ ನೇತುಹಾಕಿ, ಚಾಪೆಯ ಮೇಲೆ ಹರಡಿದ ಕಡ್ಡಿಗಳನ್ನು ನೋಡಿ, ಖಾಲಿ ಕುರ್ಚಿಯನ್ನು ನೋಡಿ, ಕೊನೆಗೆ ಫೆರ್ಮಿನನನ್ನು ನೋಡಿದ.

"ಇವತ್ತು ನೀವಾ ಟೀಚರ್?"

ಫೆರ್ಮಿನ್ ಹಿಂದಿನ ಕುರ್ಚಿಯ ಕಡೆ ತಿರುಗಲಿಲ್ಲ.

"ಹೂಂ, ನಾನೇ" ಎಂದ. "ಟೋಪಿ ತೆಗೆದು ಕೂತ್ಕೋ. ಆ ಕೆಳಗಿನ ಒಂದು ಎಲ್ಲಿಂದ ಬಂತು ಅಂತ ಇವರೆಲ್ಲ ಕಂಡುಹಿಡಿದಿದಾರೆ, ಕೇಳೋಣ."